ಚಾರ್ಟಿನ ಆಳಕ್ಕೆ ಉಬ್ಬರ ಕೂಡಿಸಿ

ಕೊಪ್ಪಳದಿಂದ ಹೋಗಿ ಕಾರವಾರದಲ್ಲಿ ದೋಣಿ ಕಲಿಯುತ್ತಿದ್ದೀರಿ, ಖುಷಿ ಆಯ್ತು. ಚಾರ್ಟಿನಲ್ಲಿ, ಅಂದರೆ ಸಮುದ್ರದ ಆಳ ತೋರಿಸುವ ನಕ್ಷೆಯಲ್ಲಿ, ಆಳ 1.2 ಮೀಟರ್ ಇರುವ ಕಡೆ ಬೆಳಗ್ಗೆ 9ಕ್ಕೆ ನೀರೆಷ್ಟು ಅಂತ ಕೇಳಿದ್ದೀರಿ.

ಮೊದಲು ಸೊನ್ನೆ ಎಲ್ಲಿದೆ ನೋಡಿ. ನಮ್ಮ ಮುನಿರಾಬಾದ್ ಡ್ಯಾಮಿನ ಪೂರ್ಣ ಮಟ್ಟ 1633 ಅಡಿ ಅನ್ನೋದು ಸಮುದ್ರದ ಸರಾಸರಿ ಮಟ್ಟದಿಂದ ಲೆಕ್ಕ. ಚಾರ್ಟಿನ ಆಳ ಹಾಗಲ್ಲ, ನೀರು ತೀರಾ ಇಳಿದಾಗಿನ ಮಟ್ಟದಿಂದ.

ನಿಮ್ಮ ಉಬ್ಬರ-ಇಳಿತದ ಪಟ್ಟಿಯಲ್ಲಿ ಬೆಳಗ್ಗೆ 6ಕ್ಕೆ ಇಳಿತ 0.3 ಮೀಟರ್, 12ಕ್ಕೆ ಉಬ್ಬರ 1.5. ವ್ಯತ್ಯಾಸ 1.2 ಮೀಟರ್. ಅದನ್ನು 12 ಪಾಲು ಮಾಡಿ. ಗಂಟೆಗೆ 1, 2, 3, 3, 2, 1 ಪಾಲಿನಂತೆ ನೀರು ಏರುತ್ತದೆ. 9ಕ್ಕೆ 6 ಪಾಲು, ಅಂದರೆ 0.6. ಜೊತೆಗೆ 0.3, ಚಾರ್ಟಿನ 1.2. ಒಟ್ಟು 2.1 ಮೀಟರ್.

ಇದು ಅಂದಾಜು ಅಷ್ಟೇ. ಅಲ್ಲಿ ದಿನದ ಎರಡು ಉಬ್ಬರ ಸಮ ಇರಲ್ಲ. ಉಬ್ಬರ ದಿನಾ ತಡವಾಗುತ್ತೆ ಅಂತ ಸುಮ್ನೆ ನಿನ್ನೆಯ ಸಮಯಕ್ಕೆ 50 ನಿಮಿಷ ಸೇರಿಸಿ ಹೊರಡಬೇಡಿ, ಆಯಾ ದಿನದ ಪಟ್ಟಿ ನೋಡಿ.