ಆರು ದಿನಗಳ ಪ್ರವಾಸಕ್ಕೆ ಚಾರ್ಲ್ಸ್‌ಟನ್, ಬ್ಯೂಫರ್ಟ್ ಮತ್ತು ಸವಾನಾ

ನ್ಯೂಜೆರ್ಸಿಯಿಂದ ಹೊರಡುವ ನೀವು ಮತ್ತು ನಿಮ್ಮ ಪತಿ ಆರು ದಿನಗಳಲ್ಲಿ ಮಿರ್ಟಲ್ ಬೀಚ್, ಚಾರ್ಲ್ಸ್‌ಟನ್, ಹಿಲ್ಟನ್ ಹೆಡ್, ಸವಾನಾ, ಸೇಂಟ್ ಅಗಸ್ಟೀನ್ ಐದನ್ನೂ ನೋಡಬಹುದೇ, ಯಾವ ತಿಂಗಳು ಒಳ್ಳೆಯದು, ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಅಟ್ಲಾಂಟಾದಲ್ಲಿ ನೆಲೆಸಿರುವ ನಾನು ಮತ್ತು ನನ್ನ ಪತ್ನಿ ಅಮೆರಿಕದ ಆಗ್ನೇಯ ಭಾಗದ ಈ ಕರಾವಳಿಗೆ ಮತ್ತೆ ಮತ್ತೆ ಹೋಗಿದ್ದೇವೆ. ಆ ಅನುಭವದಿಂದ ಹೇಳುವುದಾದರೆ, ಐದರಲ್ಲಿ ಮೂರನ್ನು ಈ ಬಾರಿ ಬಿಟ್ಟುಬಿಡಿ. ಚಾರ್ಲ್ಸ್‌ಟನ್ನಿನಲ್ಲಿ ಮೂರು ರಾತ್ರಿ, ಸವಾನಾದಲ್ಲಿ ಎರಡು ರಾತ್ರಿ ಉಳಿದುಕೊಂಡು, ನಡುವಿನ ಪ್ರಯಾಣದ ಹಗಲನ್ನು ನಿಮ್ಮ ಪಟ್ಟಿಯಲ್ಲಿಲ್ಲದ ಬ್ಯೂಫರ್ಟ್ ಎಂಬ ಪುಟ್ಟ ಊರಿಗೆ ಮೀಸಲಿಡಿ. ಮಿರ್ಟಲ್ ಬೀಚ್ ಮತ್ತು ಹಿಲ್ಟನ್ ಹೆಡ್ ಮುಖ್ಯವಾಗಿ ಕಡಲತೀರದ ವಿಹಾರಧಾಮಗಳು; ನೀವು ಹುಡುಕುತ್ತಿರುವ ಹಳೆಯ ಬೀದಿಗಳು ಅಲ್ಲಿ ಸಿಗುವುದಿಲ್ಲ.

ಹೋಗುವಾಗ ಚಾರ್ಲ್ಸ್‌ಟನ್ನಿಗೆ, ಬರುವಾಗ ಸವಾನಾದಿಂದ ವಿಮಾನದ ಟಿಕೆಟ್ ತೆಗೆದುಕೊಳ್ಳಿ. ಎರಡೂ ಊರುಗಳ ಹಳೆಯ ಭಾಗ ಕಾಲ್ನಡಿಗೆಯಲ್ಲಿ ನೋಡುವಂಥದ್ದಾದ್ದರಿಂದ, ಅಲ್ಲಿ ಕಾರು ಇದ್ದರೆ ಪಾರ್ಕಿಂಗಿನ ಖರ್ಚು ಮಾತ್ರ ಹೆಚ್ಚುತ್ತದೆ. ಚಾರ್ಲ್ಸ್‌ಟನ್ನಿನ ಮೂರನೆಯ ದಿನ ಬಾಡಿಗೆ ಕಾರು ತೆಗೆದುಕೊಂಡು ಸವಾನಾ ತಲುಪಿದ ಮೇಲೆ ಹಿಂದಿರುಗಿಸಿದರೆ ಸಾಕು.

ಚಾರ್ಲ್ಸ್‌ಟನ್ 1670ರಲ್ಲಿ ಸ್ಥಾಪನೆಯಾದ ಊರು. ಆಶ್ಲಿ ಮತ್ತು ಕೂಪರ್ ನದಿಗಳ ನಡುವಿನ ನಾಲಿಗೆಯಂಥ ನೆಲದ ಮೇಲಿದೆ. ಎಲ್ಲರೂ ಈಸ್ಟ್ ಬೇ ಬೀದಿಯ ಬಣ್ಣಬಣ್ಣದ ಹದಿಮೂರು ಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆದರೆ ಒಳಬೀದಿಗಳಲ್ಲಿರುವ, ಬೀದಿಯ ಕಡೆಗೆ ಒಂದೇ ಕೋಣೆಯಷ್ಟು ಅಗಲವಿರುವ ಮನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬೀದಿಗೆ ಮುಖ ಮಾಡಿದ ಬಾಗಿಲು ಮನೆಯೊಳಕ್ಕೆ ತೆರೆಯುವುದಿಲ್ಲ. ಮನೆಯ ಪಕ್ಕದುದ್ದಕ್ಕೂ, ಗಾಳಿ ಬೀಸುವ ದಿಕ್ಕಿಗೆ ಹಾಕಿದ ಜಗಲಿಗೆ ತೆರೆಯುತ್ತದೆ. ಹಲವು ಗೋಡೆಗಳ ಮೇಲೆ ದುಂಡನೆಯ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ. ಇವು ಗೋಡೆಗೆ ಗೋಡೆಯನ್ನು ಬಿಗಿದು ಹಿಡಿಯುವ ಸರಳುಗಳ ತುದಿಗಳು; ಊರನ್ನು ನಡುಗಿಸಿದ 1886ರ ಭೂಕಂಪದ ನಂತರ ಇಂಥ ಸರಳುಗಳನ್ನು ಎಷ್ಟೋ ಮನೆಗಳಿಗೆ ಹಾಕಲಾಯಿತು.

ಪ್ರವಾಸದ ಕ್ರಮದ ಬಗ್ಗೆ ನನ್ನದೊಂದು ಒತ್ತಾಯವಿದೆ. ಚೆಂದದ ಬಂಗಲೆಗಳನ್ನೂ ತೋಟಗಳನ್ನೂ ನೋಡುವ ಮೊದಲು, 2023ರಲ್ಲಿ ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅದು ನಿಂತಿರುವುದೇ ಗ್ಯಾಡ್ಸ್‌ಡನ್ ಧಕ್ಕೆಯ ಜಾಗದಲ್ಲಿ. 1808ರಲ್ಲಿ ಗುಲಾಮರ ಆಮದು ನಿಷೇಧವಾಗುವವರೆಗೆ ಆಫ್ರಿಕಾದಿಂದ ಹಿಡಿದು ತಂದವರನ್ನು ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಇಳಿಸಲಾಗುತ್ತಿತ್ತು. ಅದಾದ ಮೇಲೆ ಏಕನ್-ರೆಟ್ ಮನೆಗೆ ಹೋಗಿ. ಹೊಸದಾಗಿ ಸಿಂಗರಿಸದೆ ಸಿಕ್ಕ ಸ್ಥಿತಿಯಲ್ಲೇ ಉಳಿಸಿಕೊಂಡ ಆ ಮನೆಯಲ್ಲಿ ಸುಲಿದುಹೋದ ಗೋಡೆಕಾಗದವೂ, ಹಿತ್ತಿಲಿನಲ್ಲಿ ಅಡುಗೆಕಟ್ಟಡದ ಮೇಲಂತಸ್ತಿನಲ್ಲಿ ಗುಲಾಮರು ಮಲಗುತ್ತಿದ್ದ ಕೋಣೆಗಳೂ ಹಾಗೆಯೇ ಇವೆ. ಮುಂಭಾಗದ ಹಜಾರಕ್ಕೂ ಈ ಕೋಣೆಗಳಿಗೂ ನಡುವೆ ಇರುವುದು ಒಂದು ಅಂಗಳ ಮಾತ್ರ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಇಡೀ ಊರು ಬೇರೆಯಾಗಿ ಅರ್ಥವಾಗುತ್ತದೆ. ಈ ಸಂಪತ್ತು ಯಾರ ಬೆವರಿನದು ಎಂದು ತಿಳಿಯದೆ ಈ ಊರನ್ನು ಮೆಚ್ಚಿಕೊಂಡು ಬರುವುದು ಸರಿಯಲ್ಲವೆಂದು ನಾನು ನಂಬುತ್ತೇನೆ.

ಒಂದು ಬೆಳಿಗ್ಗೆಯನ್ನು, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಮೊದಲ ಗುಂಡುಗಳು 1861ರ ಏಪ್ರಿಲ್ 12ರಂದು ಎರಗಿದ, ಬಂದರಿನ ನೀರಿನ ನಡುವೆ ಇರುವ ಫೋರ್ಟ್ ಸಮ್ಟರ್ ಕೋಟೆಗೆ ಕೊಡಿ. ದೋಣಿಯ ಟಿಕೆಟನ್ನು ಮುಂಚೆಯೇ ಕಾಯ್ದಿರಿಸಿ. ಕಾರು ಸಿಕ್ಕ ದಿನ ಆಶ್ಲಿ ನದಿಯ ದಂಡೆಯ ಮಿಡಲ್‌ಟನ್ ಪ್ಲೇಸ್ ಎಂಬ ಹಳೆಯ ಎಸ್ಟೇಟಿಗೆ ಹೋಗಿ. ಅಲ್ಲಿನ ಉದ್ಯಾನಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಭತ್ತದ ಗದ್ದೆ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ಬರುವ ಗಜನಿ ಗದ್ದೆಗಳನ್ನು ಕಂಡವರಿಗೆ ಆ ಏರಿ ಮತ್ತು ತೂಬು ಕೂಡಲೇ ಗುರುತು ಸಿಗುತ್ತವೆ. ವ್ಯತ್ಯಾಸವೆಂದರೆ, ನಮ್ಮ ಕಗ್ಗ ಭತ್ತ ಉಪ್ಪುನೀರನ್ನು ತಾಳುತ್ತದೆ. ಕ್ಯಾರೊಲಿನಾದಲ್ಲಿ ಸಮುದ್ರದ ಉಬ್ಬರವು ಹಿಂದಕ್ಕೆ ತಳ್ಳಿದ ನದಿಯ ಸಿಹಿನೀರನ್ನು ಮಾತ್ರ ತೂಬಿನ ಮೂಲಕ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಪಶ್ಚಿಮ ಆಫ್ರಿಕಾದ ಭತ್ತದ ನಾಡಿನಿಂದ ತಂದ ಗುಲಾಮರಲ್ಲಿ ಅನೇಕರು ಈ ಬೇಸಾಯವನ್ನು ಬಲ್ಲವರಾಗಿದ್ದರು. ಅವರ ಸಂತತಿಯಾದ ಗಲ್ಲಾ ಗೀಚಿ ಜನರು ಇಂದಿಗೂ ಚಾರ್ಲ್ಸ್‌ಟನ್ ಸಿಟಿ ಮಾರ್ಕೆಟ್‌ನಲ್ಲಿ ಕುಳಿತು ಹುಲ್ಲಿನ ಬುಟ್ಟಿ ಹೆಣೆಯುತ್ತಾರೆ. ಬೆಲೆ ಹೆಚ್ಚೆನಿಸಬಹುದು, ಆದರೆ ಒಂದೊಂದು ಬುಟ್ಟಿಗೆ ಹಿಡಿಯುವ ಸಮಯವನ್ನು ಕೇಳಿ ತಿಳಿದ ಮೇಲೆ ಚೌಕಾಸಿ ಮಾಡುವ ಮನಸ್ಸು ಬರುವುದಿಲ್ಲ.

ಬ್ಯೂಫರ್ಟ್ ಚಾರ್ಲ್ಸ್‌ಟನ್ನಿನಿಂದ ಸುಮಾರು ಒಂದೂವರೆ ಗಂಟೆಯ ದಾರಿ, ಅಲ್ಲಿಂದ ಸವಾನಾಕ್ಕೆ ಸುಮಾರು ಒಂದು ಗಂಟೆ. ಇಲ್ಲಿ ಗುಲಾಮನಾಗಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್, 1862ರ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ‘ಪ್ಲಾಂಟರ್’ ಎಂಬ ದಕ್ಷಿಣದ ಸೇನೆಯ ಹಡಗನ್ನೇ ತನ್ನ ಕುಟುಂಬ ಮತ್ತು ಸಂಗಡಿಗರೊಂದಿಗೆ ನಡೆಸಿಕೊಂಡು ಹೋಗಿ ಉತ್ತರದ ರಾಜ್ಯಗಳ ಒಕ್ಕೂಟದ ನೌಕಾಪಡೆಗೆ ಒಪ್ಪಿಸಿದರು. ಮುಂದೆ ಅವರು ಹಳೆಯ ಒಡೆಯನ ಮನೆಯನ್ನೇ ಕೊಂಡರು, ಅಮೆರಿಕದ ಕಾಂಗ್ರೆಸ್ಸಿಗೂ ಆಯ್ಕೆಯಾದರು. ಪ್ರಿನ್ಸ್ ಬೀದಿಯಲ್ಲಿರುವ ಆ ಮನೆಯನ್ನು ಹೊರಗಿನಿಂದ ನೋಡಬಹುದು.

ಸವಾನಾಕ್ಕೆ ಓಡಾಟದ ಯೋಜನೆ ಬೇಡ. ಊರಿನ ಸ್ಥಾಪಕ ಆಗ್ಲ್‌ಥಾರ್ಪ್ 1733ರಲ್ಲಿ ಹಾಕಿದ ನಕ್ಷೆಯಂತೆ ಬೆಳೆದ, ಪುಟ್ಟ ಉದ್ಯಾನಗಳಂಥ ಚೌಕಗಳಲ್ಲಿ ಇಪ್ಪತ್ತೆರಡು ಈಗಲೂ ಉಳಿದಿವೆ. ಒಂದರಿಂದ ಇನ್ನೊಂದಕ್ಕೆ ಓಕ್ ಮರಗಳ ನೆರಳಿನಲ್ಲೇ ನಡೆದು, ದಣಿದಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳಿ. ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ನೆಲದ ಹಲಗೆಗಳಲ್ಲಿ ಕೊರೆದ ರಂಧ್ರಗಳನ್ನು ತಪ್ಪದೆ ನೋಡಿ. ಕೆಳಗೆ ಅಡಗಿರುತ್ತಿದ್ದ, ತಪ್ಪಿಸಿಕೊಂಡು ಬಂದ ಗುಲಾಮರ ಉಸಿರಾಟಕ್ಕಾಗಿ ಅವನ್ನು ಕೊರೆಯಲಾಗಿತ್ತೆಂದು ಚರ್ಚಿನವರು ಹೇಳುತ್ತಾರೆ. ನದಿಯ ದಂಡೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು ಕಡಿದಾಗಿವೆ, ರಸ್ತೆಯ ಕಲ್ಲುಹಾಸು ಏರುಪೇರಾಗಿದೆ, ಆದ್ದರಿಂದ ಗಟ್ಟಿ ಅಟ್ಟೆಯ ಶೂ ಹಾಕಿಕೊಳ್ಳಿ.

ಊಟದ ವಿಷಯದಲ್ಲಿ ಎಚ್ಚರ ಅಗತ್ಯ. ಸೊಪ್ಪಿನ ಪಲ್ಯದಂತೆ ಕಾಣುವ ಕಾಲರ್ಡ್ ಗ್ರೀನ್ಸ್, ಅಲಸಂದೆ ಕಾಳಿನ ಅನ್ನವಾದ ಹಾಪಿನ್ ಜಾನ್, ಟೊಮೆಟೊ ಹಾಕಿದ ಕೆಂಪನ್ನ ಮೂರನ್ನೂ ಸಾಮಾನ್ಯವಾಗಿ ಹಂದಿಮಾಂಸದೊಂದಿಗೆ ಬೇಯಿಸುತ್ತಾರೆ. ಮಾಂಸದ ತುಂಡು ಕಾಣದಿದ್ದರೂ ರಸ ಅದರದೇ ಆಗಿರುತ್ತದೆ. ಮೆಕ್ಕೆಜೋಳದ ನುಚ್ಚಿನಿಂದ ಮಾಡುವ ಗ್ರಿಟ್ಸನ್ನೂ ಕೆಲವೆಡೆ ಕೋಳಿಯ ಸಾರಿನಲ್ಲಿ ಬೇಯಿಸುವುದರಿಂದ, ನೀರಿನಲ್ಲೋ ಹಾಲಿನಲ್ಲೋ ಬೇಯಿಸಿದ್ದೇ ಎಂದು ಬಾಯಿಬಿಟ್ಟು ಕೇಳಿ.

ತಿಂಗಳ ಬಗ್ಗೆ: ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಅಜೇಲಿಯಾ ಹೂವುಗಳು ಅರಳಿ ಊರುಗಳು ತುಂಬಾ ಸುಂದರವಾಗಿರುತ್ತವೆ, ಹೋಟೆಲುಗಳೂ ಅಷ್ಟೇ ದುಬಾರಿಯಾಗಿರುತ್ತವೆ. ಸೇಂಟ್ ಪ್ಯಾಟ್ರಿಕ್ ದಿನವಾದ ಮಾರ್ಚ್ 17ರ ಆಸುಪಾಸಿನಲ್ಲಿ ಹಬ್ಬದ ಜನಜಂಗುಳಿ ಇರುವುದರಿಂದ ಸವಾನಾದ ಕಡೆಗೆ ಹೋಗಲೇಬೇಡಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅಪಾಯ ಹೆಚ್ಚು. ನನ್ನ ಆಯ್ಕೆ ನವೆಂಬರ್ ಮೊದಲ ವಾರ. ಆದರೆ ಶರತ್ಕಾಲದಲ್ಲಿ ಹೋಗುವುದಾದರೆ ಚಾರ್ಲ್ಸ್‌ಟನ್ನಿನ ಉಬ್ಬರದ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ದೊಡ್ಡ ಉಬ್ಬರದ ದಿನ ಬಿಸಿಲು ಕಾಯುತ್ತಿದ್ದರೂ ತಗ್ಗಿನ ಬೀದಿಗಳಲ್ಲಿ ಉಪ್ಪುನೀರು ನಿಲ್ಲುತ್ತದೆ. ಹೋಟೆಲ್ ಕಾಯ್ದಿರಿಸುವ ಮೊದಲು ಅದು ಎತ್ತರದ ಬೀದಿಯಲ್ಲಿದೆಯೇ ಎಂದು ವಿಚಾರಿಸಿ.

ಸೇಂಟ್ ಅಗಸ್ಟೀನ್ ಅನ್ನು ಕೈಬಿಡಲು ಮನಸ್ಸಾಗದಿದ್ದರೆ, 1565ರಲ್ಲಿ ಸ್ಪೇನಿನವರು ಕಟ್ಟಿದ ಆ ಊರನ್ನೂ, ಚಿಪ್ಪುಗಳು ಒತ್ತಿಕೊಂಡು ಆದ ಕೊಕೀನಾ ಕಲ್ಲಿನ ಕೋಟೆಯನ್ನೂ ಜಾಕ್ಸನ್‌ವಿಲ್‌ಗೆ ವಿಮಾನದಲ್ಲಿ ಬಂದು ಮತ್ತೊಂದು ವಾರಾಂತ್ಯದಲ್ಲಿ ನಿಧಾನವಾಗಿ ನೋಡಿ.