ಸಾಲದ ಲೆಕ್ಕವನ್ನು ಹೆಂಡತಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 36 ವರ್ಷ. ತುಮಕೂರಿನಲ್ಲಿ ಖಾಸಗಿ ಕೆಲಸ, ಕೈಗೆ ಬರುವ ಸಂಬಳ 34,000 ರೂಪಾಯಿ. ತಂಗಿ ಮದುವೆಗೆ ಕ್ರೆಡಿಟ್ ಕಾರ್ಡ್ ಉಜ್ಜಿದ್ದು, ಈಗ 80,000 ಬಾಕಿ ನಿಂತಿದೆ. ತಿಂಗಳಿಗೆ 4,000 ಮಿನಿಮಮ್ ಕಟ್ಟುತ್ತೇನೆ. ಅದು ಸಾಲದೆ ಎರಡು ಲೋನ್ ಆ್ಯಪ್‌ಗಳಲ್ಲಿ ಸಾಲ ಮಾಡಿದೆ. ಅವುಗಳ ಕಂತು 9,500. ಒಂದು ಲಕ್ಷದ ಚೀಟಿಗೆ ತಿಂಗಳಿಗೆ 5,000. ಇಪ್ಪತ್ತು ಕಂತಿನಲ್ಲಿ 14 ಮುಗಿದಿವೆ, ಇನ್ನೂ ಎತ್ತಿಲ್ಲ. ಹೆಂಡತಿಗೆ ಇದು ಯಾವುದೂ ಗೊತ್ತಿಲ್ಲ. ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಆ್ಯಪ್‌ನವರು ರಾತ್ರಿ ಒಂಬತ್ತಕ್ಕೂ ಕರೆ ಮಾಡುತ್ತಾರೆ, ನನ್ನ ಸ್ನೇಹಿತರಿಗೂ ಮೆಸೇಜ್ ಕಳಿಸಿದ್ದಾರೆ. ನಾನಿಲ್ಲದಿದ್ದರೆ ಮನೆಯವರಾದರೂ ನೆಮ್ಮದಿಯಾಗಿರುತ್ತಾರೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿಗೇ ಮೊದಲು ಬರುತ್ತೇನೆ. ಅಂಥ ಯೋಚನೆ ಮತ್ತೆ ಬಂದರೆ, ಎಷ್ಟು ಹೊತ್ತಾಗಿದ್ದರೂ ಸರಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ವಾರವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಿ. ಸಾಲ ತೀರಿದ ಮೇಲೆ ನೋಡೋಣ ಅಂದುಕೊಳ್ಳಬೇಡಿ. ನಿದ್ದೆಗೆಟ್ಟ ತಲೆಗೆ 500 ರೂಪಾಯಿಯ ಲೆಕ್ಕವೂ ಬೆಟ್ಟವಾಗಿ ಕಾಣುತ್ತದೆ.

ಇನ್ನು ದುಡ್ಡಿನ ವಿಚಾರ. ಕಂತುಗಳಿಗೆ ತಿಂಗಳಿಗೆ 18,500 ಹೋಗುತ್ತಿದೆ, ಸಂಬಳದ ಅರ್ಧಕ್ಕಿಂತ ಜಾಸ್ತಿ. ಇದರಲ್ಲಿ ನಿಮ್ಮನ್ನು ಸದ್ದಿಲ್ಲದೆ ಹಿಂಡುತ್ತಿರುವುದು ಕಾರ್ಡ್. ತಿಂಗಳಿಗೆ ಶೇ 3.5 ಬಡ್ಡಿ ಅಂತ ಇಟ್ಟುಕೊಂಡರೆ 80,000ಕ್ಕೆ 2,800 ಆಯಿತು. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ 504. ನೀವು ಕಟ್ಟುವ 4,000ದಲ್ಲಿ 3,304 ಇದಕ್ಕೇ ಹೋಯಿತು. ಅಸಲಿಗೆ ಬಿದ್ದದ್ದು 696 ರೂಪಾಯಿ. ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಪೆಟ್ರೋಲ್ ಹಾಕಿಸಿದರೆ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಎಷ್ಟು ಕಟ್ಟಿದರೂ ಸಾಲ ಹಾಗೇ ಇದೆಯಲ್ಲ ಎಂದು ನಿಮಗೆ ಅನ್ನಿಸುತ್ತಿದ್ದರೆ ಅದಕ್ಕೆ ಕಾರಣ ಈ ಲೆಕ್ಕ, ನಿಮ್ಮ ಕೈಲಾಗದತನ ಅಲ್ಲ.

ನಿಮ್ಮ ಕೈಯಲ್ಲಿ ಒಂದು ದಾರಿ ಇದೆ, ಚೀಟಿ. ಮುಂದಿನ ಸಲ ಕೂಗಿ ಎತ್ತಿಬಿಡಿ. ಇಷ್ಟು ಕಂತು ಕಳೆದ ಮೇಲೆ ಸಾಮಾನ್ಯವಾಗಿ ಕಡಿತ ಅಷ್ಟೊಂದು ಇರುವುದಿಲ್ಲ. 90,000 ಕೈಗೆ ಬಂದರೂ ಕಾರ್ಡ್ ಒಂದೇ ಏಟಿಗೆ ಚುಕ್ತಾ ಆಗುತ್ತದೆ. ಉಳಿದ ಕಂತು ತಪ್ಪದೆ ಕಟ್ಟಬೇಕು, ಎತ್ತುವಾಗ ಜಾಮೀನೂ ಕೇಳುತ್ತಾರೆ, ಅದನ್ನು ಮೊದಲೇ ಯೋಚಿಸಿ. ಕಾರ್ಡಿನಿಂದ ಉಳಿಯುವ 4,000ವನ್ನು ಹೆಚ್ಚು ಬಡ್ಡಿಯ ಆ್ಯಪ್ ಸಾಲಕ್ಕೆ ಸೇರಿಸಿ. ಒಂದು ಸಾಲ ತೀರಿಸಲು ಹೊಸ ಆ್ಯಪ್‌ನಿಂದ ಇನ್ನೊಂದು ಸಾಲ ಮಾತ್ರ ಬೇಡ.

ರಾತ್ರಿ ಒಂಬತ್ತರ ಕರೆಯನ್ನು ನೀವು ಸಹಿಸಬೇಕಾಗಿಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಾಲದ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕುವಂತೆಯೂ ಇಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಸಾಲ ಕೊಟ್ಟ ಸಂಸ್ಥೆಗೆ ಮೊದಲು ಬರಹದಲ್ಲಿ ದೂರು ಕೊಡಿ. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಮಾಹಿತಿಗೆ 14448. ಫೋಟೊ ತಿದ್ದಿ ಕಳಿಸುವುದು, ಬೆದರಿಸುವುದು ನಡೆದರೆ ಕಾಯಬೇಡಿ, ಸೈಬರ್ ಅಪರಾಧದ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಮಾಡಿಯೂ ಹೆಂಡತಿಯಿಂದ ಮುಚ್ಚಿಟ್ಟರೆ ನಿದ್ದೆ ಬರುವುದು ಕಷ್ಟ. ಫೋನ್ ಬೋರಲು ಹಾಕಿಡುವುದು, ಬಚ್ಚಲುಮನೆಗೆ ಹೋಗಿ ಮಾತಾಡುವುದು, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವುದು, ಇವೆಲ್ಲ ಇಪ್ಪತ್ನಾಲ್ಕು ಗಂಟೆಯ ದುಡಿಮೆ. ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಆಗಲೇ ಏನೋ ವಾಸನೆ ಬಡಿದಿರುತ್ತದೆ. ಸಾಲ ಅಂತ ಗೊತ್ತಾಗದೆ, ಇನ್ನೇನೇನೋ ಊಹಿಸಿಕೊಂಡು ಅವರೂ ಒಳಗೇ ಕೊರಗುತ್ತಿರಬಹುದು ಅಲ್ವಾ?

ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು, ಯಾವ ತಾರೀಖು, ಎಷ್ಟು ಬಡ್ಡಿ ಎಂದು ಬರೆದುಕೊಳ್ಳಿ. ಮಕ್ಕಳಿದ್ದರೆ ಅವರು ಎದುರಿಗಿಲ್ಲದ ಹೊತ್ತು ನೋಡಿ, ಮಲಗುವ ಹೊತ್ತಿನಲ್ಲಿ ಮಾತ್ರ ಬೇಡ. ಸುತ್ತಿ ಬಳಸದೆ ಮೊದಲು ಒಟ್ಟು ಮೊತ್ತ ಹೇಳಿ, ಕಾರಣ ಆಮೇಲೆ. ಹತ್ತು ಸಾವಿರವನ್ನೂ ಬಚ್ಚಿಡಬೇಡಿ. ನಾಳೆ ಅದು ಹೊರಬಿದ್ದರೆ ಇವತ್ತು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ. ಅವರು ಸಿಟ್ಟಾಗಬಹುದು, ಎರಡು ದಿನ ಮಾತು ಬಿಡಬಹುದು. ಆ ಸಿಟ್ಟು ನ್ಯಾಯವಾದದ್ದೇ, ಸಮಜಾಯಿಷಿ ಕೊಡಲು ಹೋಗಬೇಡಿ. ಒಡವೆಯ ಮಾತನ್ನಂತೂ ಆ ದಿನ ತೆಗೆಯಲೇಬೇಡಿ. ಕೇಳಿದರೆ, ಒಡವೆಗಾಗಿಯೇ ನಿಜ ಹೇಳಿದಿರಿ ಅಂತಾಗುತ್ತದೆ.

ಪ್ರಶ್ನೆ: ನನಗೆ 61. ಯಜಮಾನರು ತೀರಿಕೊಂಡ ಮೇಲೆ ಬಂದ 9 ಲಕ್ಷವನ್ನು ನಮ್ಮೂರಿನ ಒಂದು ಪತ್ತಿನ ಸೌಹಾರ್ದ ಸಹಕಾರಿಯಲ್ಲಿ ಎಫ್‌ಡಿ ಇಟ್ಟಿದ್ದೇನೆ. ಸೊಸೈಟಿ ಮುಳುಗಿದ ಸುದ್ದಿ ಎಲ್ಲಾದರೂ ಓದಿದರೆ ಕೈಕಾಲು ನಡುಗುತ್ತದೆ. ಮಗ 'ಸುಮ್ನೆ ಟೆನ್ಷನ್ ಮಾಡ್ಕೋತೀಯ' ಅಂತಾನೆ.

ಉತ್ತರ: ಅಮ್ಮಾ, ನಿಮ್ಮ ಹೆದರಿಕೆಯಲ್ಲಿ ಹುರುಳಿದೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದ್ದಕ್ಕೂ, ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರಿಗೆ ಆ ವಿಮೆ ಇಲ್ಲ. ನಿಮ್ಮ ಸಂಸ್ಥೆ ಚೆನ್ನಾಗಿಯೇ ನಡೆಯುತ್ತಿರಬಹುದು. ಆದರೂ ಇರುವ ದುಡ್ಡೆಲ್ಲ ಒಂದೇ ಕಡೆ ಇರುವುದು ಬೇಡ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ದೊಡ್ಡ ಪಾಲು ಅಲ್ಲಿಡಿ, ಉಳಿದದ್ದನ್ನು ಮನೆ ಹತ್ತಿರದ ಬ್ಯಾಂಕಿನಲ್ಲಿಡಿ. ಅವಧಿಗೆ ಮೊದಲೇ ತೆಗೆದರೆ ಎಷ್ಟು ಬಡ್ಡಿ ಹೋಗುತ್ತದೆ ಎಂದು ಸೊಸೈಟಿಯಲ್ಲಿ ಕೇಳಿ. ಅವಧಿ ಮುಗಿಯಲು ಸ್ವಲ್ಪವೇ ದಿನ ಉಳಿದಿದ್ದರೆ, ಎಫ್‌ಡಿಯನ್ನು ತಾನಾಗಿಯೇ ಮುಂದುವರಿಸುವುದು ಬೇಡ ಎಂದು ಈಗಲೇ ಬರೆದುಕೊಟ್ಟು, ನಕಲಿನ ಮೇಲೆ ಅವರ ಸಹಿ, ಸೀಲು ಹಾಕಿಸಿಕೊಂಡು ಬನ್ನಿ.