ಮಗನನ್ನು ಸರಿಪಡಿಸಲೆಂದು ಹೋಗಿದ್ದೆ: ಆನ್‌ಲೈನ್ ಆಪ್ತಸಮಾಲೋಚನೆಯ ಒಂಬತ್ತು ತಿಂಗಳು

ಎಂಟು ವರ್ಷದ ಮಗಳ ಮೇಲೆ ದಿನವೂ ಕೂಗಾಡಿ, ರಾತ್ರಿ ಅವಳು ಮಲಗಿದ ಮೇಲೆ ಅಳುತ್ತೇನೆ ಎಂದು ಬರೆದಿದ್ದೀರಿ. ಸಣ್ಣ ಊರಿನಲ್ಲಿದ್ದುಕೊಂಡು ಫೋನಿನಲ್ಲಿಯೇ ಥೆರಪಿಸ್ಟ್ ಜೊತೆ ಮಾತನಾಡಿದರೆ ನಿಜವಾಗಿ ಪ್ರಯೋಜನವಿದೆಯೇ, ಅನುಭವಿಗಳನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಶಿರಸಿ ಸಮೀಪದವಳು, ಸಹಕಾರಿ ಸಂಘವೊಂದರಲ್ಲಿ ಕೆಲಸ. ಯಜಮಾನರು ಮಂಗಳೂರಿನಲ್ಲಿ ನೌಕರಿಯಲ್ಲಿದ್ದು ಶನಿವಾರ ಬಂದು ಭಾನುವಾರ ಹೊರಡುತ್ತಾರೆ. ಮನೆಯಲ್ಲಿ ಅತ್ತೆ ಮತ್ತು ಹತ್ತು ವರ್ಷದ ಮಗ. ಬೆಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಜೊತೆ ಒಂಬತ್ತು ತಿಂಗಳು ವಿಡಿಯೊ ಕರೆಯಲ್ಲಿ ಮಾತನಾಡಿದ್ದೇನೆ. ಪ್ರಯೋಜನವಾಯಿತು, ಆದರೆ ನಾನು ಯಾವುದಕ್ಕೆಂದು ಹೋಗಿದ್ದೆನೋ ಅದಕ್ಕಲ್ಲ.

ಮೊದಲ ದಿನ ಮಗನ ದೂರುಗಳ ಪಟ್ಟಿಯನ್ನೇ ಇಟ್ಟುಕೊಂಡು ಕುಳಿತಿದ್ದೆ. ಯಾವಾಗಲೂ ಹಟ, ಯಾವಾಗಲೂ ಎದುರುತ್ತರ, ಹೋಂವರ್ಕ್ ಎಂದರೆ ಯಾವಾಗಲೂ ರಗಳೆ. ಹತ್ತು ನಿಮಿಷ ಕೇಳಿಸಿಕೊಂಡ ಮೇಡಂ, "ಯಾವಾಗಲೂ ಎನ್ನುವುದು ಬೇಡ, ಒಂದು ಸಂಜೆಯನ್ನು ಹೇಳಿ, ಗಡಿಯಾರ ನೋಡಿಕೊಂಡು ಹೇಳಿ" ಎಂದರು. ಹಿಂದಿನ ಮಂಗಳವಾರದ್ದು ಹೇಳಿದೆ. ಆರೂವರೆಗೆ ಮನೆಗೆ ಬಂದವಳು ಹೆಗಲಿನ ಚೀಲ ಇಳಿಸುವ ಮೊದಲೇ ಲೆಕ್ಕ ಆಯಿತೇ ಎಂದು ಕೇಳಿದ್ದೆ. 847ನ್ನು 6ರಿಂದ ಭಾಗಿಸುವ ಲೆಕ್ಕ. ಅವನು ಬರೆದು ಅಳಿಸಿ ಬರೆದು ಅಳಿಸಿ, ಹಾಳೆ ರಬ್ಬರಿನ ಕೆಳಗೆ ತೆಳ್ಳಗಾಗಿ ತೂತು ಬಿದ್ದಿತ್ತು. ನಾನು ನೋಟ್‌ಬುಕ್ಕನ್ನು ಕಸಿದುಕೊಂಡು ಆ ಹಾಳೆಯನ್ನೇ ಹರಿದೆ. ಮೇಡಂ ಕೇಳಿದ್ದು ಹರಿದದ್ದೇಕೆ ಎಂದಲ್ಲ. ಮಗ ಕೊನೆಯ ಬಾರಿ ಏನನ್ನು, ಎಷ್ಟು ಹೊತ್ತಿಗೆ ತಿಂದಿದ್ದ ಎಂದು. ಮಧ್ಯಾಹ್ನ ಒಂದಕ್ಕೆ ಶಾಲೆಯಲ್ಲಿ. ನೀವು? ಒಂದೂವರೆಗೆ ಡಬ್ಬಿ ಊಟ. "ಹಾಗಾದರೆ ಇಬ್ಬರು ಹಸಿದವರು ಭಾಗಾಕಾರಕ್ಕೆ ಕುಳಿತಿದ್ದೀರಿ" ಎಂದರು.

ಸತ್ಯ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತು. ಐವತ್ತು ನಿಮಿಷಕ್ಕೆ 1,200 ರೂಪಾಯಿ ಕೊಟ್ಟು ಕೇಳುವ ಮಾತೇ ಇದು, ಇದನ್ನು ಹೇಳಲು ನನ್ನ ಅಜ್ಜಿಯೇ ಸಾಕಿತ್ತಲ್ಲ ಎನ್ನಿಸಿತು. ಆದರೂ ಎರಡು ವಾರ ಅವರು ಹೇಳಿದಂತೆ, ಬಂದ ಕೂಡಲೇ ಇಬ್ಬರೂ ಮೊಸರವಲಕ್ಕಿ ತಿಂದು, ಏಳೂವರೆಯವರೆಗೆ ನೋಟ್‌ಬುಕ್ಕನ್ನೇ ತೆರೆಯದೆ ಇದ್ದೆವು. ವಾರಕ್ಕೆ ಐದಾರು ಬಾರಿ ಆಗುತ್ತಿದ್ದ ಜಗಳ ಎರಡಕ್ಕೆ ಇಳಿಯಿತು. ಅಸಲು ವಿಷಯವಿದ್ದದ್ದು ಉಳಿದ ಆ ಎರಡರಲ್ಲಿ. ಬರೆದಿಟ್ಟುಕೊಂಡು ನೋಡಿದಾಗ, ಒಂದು ಭಾನುವಾರ ಸಂಜೆ ಯಜಮಾನರ ಬಸ್ಸು ಹೊರಟ ಮೇಲಿನದ್ದು, ಇನ್ನೊಂದು ಕಚೇರಿಯಲ್ಲಿ ಯಾರಿಂದಲೋ ಮಾತು ಕೇಳಿಸಿಕೊಂಡು ಬಂದ ದಿನದ್ದು. ಎರಡಕ್ಕೂ ಮಗನಿಗೂ ಸಂಬಂಧವೇ ಇರಲಿಲ್ಲ. ಹೀಗೆ ಮೂರನೆಯ ತಿಂಗಳಿನಿಂದ ನಮ್ಮ ಮಾತು ಮಗನನ್ನು ಬಿಟ್ಟು ನನ್ನತ್ತ ತಿರುಗಿತು: ಒಬ್ಬಳೇ ಎಲ್ಲವನ್ನೂ ಎಳೆಯುತ್ತಿದ್ದೇನೆ ಎಂಬುದನ್ನು ಯಜಮಾನರಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ ಎಂಬುದರ ಕಡೆಗೆ, ಮತ್ತು ಮಾಸ್ತರರಾಗಿದ್ದ ನನ್ನ ಅಪ್ಪ ಬೀರುವಿನ ಮೇಲೆ ಇಡುತ್ತಿದ್ದ ಕೋಲಿನ ಕಡೆಗೆ. ಅಪ್ಪ ಕೆಟ್ಟವರೇನೂ ಆಗಿರಲಿಲ್ಲ. ಅವರನ್ನು ಕೆಟ್ಟವರೆಂದು ಒಪ್ಪಿಕೊಳ್ಳಲು ಮೇಡಂ ನನ್ನನ್ನು ಒತ್ತಾಯಿಸಲೂ ಇಲ್ಲ.

ಆನ್‌ಲೈನ್‌ನಲ್ಲಿ ಮನಸ್ಸು ಬಿಚ್ಚಿ ಮಾತನಾಡಲು ಸಾಧ್ಯವೇ ಎಂಬ ನಿಮ್ಮ ಅಳುಕು ನನಗೂ ಇತ್ತು. ಅಡಿಕೆ ಇಡುವ ಅಟ್ಟದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಯಾರಾದರೂ ಮೆಟ್ಟಿಲು ಹತ್ತಿದರೆ "ಬಿಲ್ ನಾಳೆ ಕಳಿಸಿ" ಎನ್ನುವುದು, ಆಗ ಮೇಡಂ ಸುಮ್ಮನಾಗುವುದು ಎಂದು ಮೊದಲೇ ಮಾತಾಗಿತ್ತು. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ, ನೆಟ್‌ವರ್ಕ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಒಮ್ಮೆ ಅವರ ಮುಖ ಅರ್ಧ ಕಣ್ಣು ಮುಚ್ಚಿದಂತೆ ಪರದೆಯಲ್ಲಿ ನಿಂತುಬಿಟ್ಟಿತು. ಅದು ತಿಳಿಯದೆ, ಅದುವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ನಾನು ಆ ನಿಂತ ಮುಖಕ್ಕೇ ಹೇಳಿ ಮುಗಿಸಿದ್ದೆ. ಕರೆ ಮತ್ತೆ ಸೇರಿದಾಗ ಇನ್ನೊಮ್ಮೆ ಹೇಳಬೇಕಾಯಿತು, ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

ಇನ್ನು ಅನುಭವವನ್ನು ಗುರುತಿಸುವ ಮಾತು. ಇವರಿಗಿಂತ ಮೊದಲು ಒಂದು ಆ್ಯಪ್ ಮೂಲಕ ಪ್ರಯತ್ನಿಸಿದ್ದೆ. ಅಲ್ಲಿ ಸಿಕ್ಕವರು ಹದಿನೈದೇ ನಿಮಿಷದಲ್ಲಿ ಮಗುವಿಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸುವ ಚಾರ್ಟ್ ಮಾಡಿ ಎಂದರು, ಮೂರನೆಯ ಬಾರಿಗೆ ವ್ಯಕ್ತಿಯೇ ಬದಲಾಗಿ ನಾನು ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಈ ಮೇಡಂ ಸಲಹೆ ಕೊಡುವ ಮೊದಲು ನನ್ನ ನಿದ್ದೆ, ಥೈರಾಯ್ಡ್, ಮುಟ್ಟು, ಮನೆಯಲ್ಲಿ ಕುಡಿತವಿದೆಯೇ, ಯಾರಾದರೂ ಕೈ ಮಾಡುತ್ತಾರೆಯೇ ಎಂಬುದೆಲ್ಲವನ್ನೂ ಕೇಳಿದ್ದರು. ಅದಕ್ಕಿಂತ ಹೆಚ್ಚಾಗಿ, ತಮ್ಮಿಂದ ಆಗದ್ದನ್ನು ಆಗುವುದಿಲ್ಲ ಎಂದು ಹೇಳಿದರು. ಮಗನಿಗೆ ಕಲಿಕೆಯ ತೊಂದರೆ ಇದೆಯೇ ಎಂದು ಕೇಳಿದಾಗ, ಅದನ್ನು ವಿಡಿಯೊದಲ್ಲಿ ತಾವು ನಿರ್ಧರಿಸುವುದಿಲ್ಲ, ಮಗುವನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಬೇಕು ಎಂದು ಬೇರೆಯವರ ಬಳಿಗೆ ಕಳುಹಿಸಿದರು. (ಪರೀಕ್ಷೆಯಲ್ಲಿ ಅಂಥದ್ದೇನೂ ಕಂಡುಬರಲಿಲ್ಲ.)

ಅರ್ಹತೆಯ ವಿಷಯದಲ್ಲಿ ಸಂಕೋಚವಿಲ್ಲದೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಆಪ್ತಸಮಾಲೋಚಕರು ಎಂಬ ಹೆಸರಿನಲ್ಲಿ ಒಳ್ಳೆಯ ತರಬೇತಿ ಪಡೆದವರೂ ಇದ್ದಾರೆ, ನಾಲ್ಕು ದಿನದ ಕೋರ್ಸ್ ಮುಗಿಸಿದವರೂ ಇದ್ದಾರೆ. ಎಲ್ಲಿ ಓದಿದರು, ಎಷ್ಟು ವರ್ಷ, ಯಾರ ಮಾರ್ಗದರ್ಶನದಲ್ಲಿ ಕೆಲಸ ಮಾಡಿದ್ದಾರೆ ಎಂದು ವಿಚಾರಿಸಿದರೆ ನಿಜವಾದ ಅನುಭವಿಗಳು ಬೇಸರಪಟ್ಟುಕೊಳ್ಳುವುದಿಲ್ಲ. ಮಾತ್ರೆ ಬೇಕಾದರೆ ವೈದ್ಯರೇ ಬರೆಯಬೇಕು, ಸಾಮಾನ್ಯವಾಗಿ ಮನೋವೈದ್ಯರು. ಕನ್ನಡದಲ್ಲಿ ಮಾತನಾಡುತ್ತಾರೆಯೇ ಎಂಬುದನ್ನೂ ಕೇಳಿ. ಇಂಗ್ಲಿಷಿನಲ್ಲಿ ನಾನು ನನ್ನ ಸಿಟ್ಟನ್ನು ವರದಿ ಒಪ್ಪಿಸಿದಂತೆ ಹೇಳುತ್ತಿದ್ದೆ, ಕನ್ನಡದಲ್ಲಿ ಹೇಳುವಾಗ ಮಾತ್ರ ಗಂಟಲು ಕಟ್ಟುತ್ತಿತ್ತು.

ಹಣ ಹೊಂದಿಸಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ; ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿಯೂ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ನಿಮ್ಮ ಊರಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ನಿಮಗೇ ಬದುಕು ಬೇಡವೆನ್ನಿಸುತ್ತಿದ್ದರೆ, ಅಥವಾ ಮಗುವಿನ ಮೇಲೆ ಎತ್ತಿದ ಕೈ ನಿಲ್ಲುತ್ತಿಲ್ಲ ಎನ್ನಿಸಿದರೆ, ಅಪಾಯಿಂಟ್‌ಮೆಂಟ್‌ಗಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ ಅಥವಾ ಆ ಸಂಖ್ಯೆಗೆ ಕರೆ ಮಾಡಿ.

ನಮ್ಮಲ್ಲಿ ಕೂಗಾಟ ಪೂರ್ತಿ ನಿಂತಿಲ್ಲ. ಕಳೆದ ತಿಂಗಳು ಮಗ ನೋಟ್‌ಬುಕ್ ಹಿಡಿದು ಬಂದು, "ಆಯಿ, ಇವತ್ತು ಕಚೇರಿಯಲ್ಲಿ ಯಾರಾದರೂ ಬೈದಿದ್ದಾರಾ? ಬೈದಿದ್ದರೆ ನಾಳೆ ತೋರಿಸ್ತೇನೆ" ಎಂದ. ಬೈದಿದ್ದರು. ಲೆಕ್ಕವನ್ನು ಮರುದಿನ ಬೆಳಿಗ್ಗೆ ನೋಡಿದೆವು.